‘ಆರ್ಟ್’ ಎಂದರೆ ಕಲೆಯೋ, ಕೃತಕವೋ?

ವ್ಯಾಪಾರದ ಕಾಗದಪತ್ರಗಳಲ್ಲಿ ಬರುವ ಇಂಗ್ಲಿಷ್ ಪದಗಳ ಪೈಕಿ ‘ಆರ್ಟ್’ ಎಂಬುದು ನೋಡಲು ಚಿಕ್ಕದು, ಅರ್ಥದಲ್ಲಿ ಬಹುರೂಪಿ. ಕಾಲೇಜಿನಲ್ಲಿ ‘ಆರ್ಟ್ಸ್’ ಎಂದರೆ ಇತಿಹಾಸ, ಅರ್ಥಶಾಸ್ತ್ರ ಮೊದಲಾದ ಕಲಾ ವಿಭಾಗದ ವಿಷಯಗಳು. ಮುದ್ರಣಾಲಯದಲ್ಲಿ ‘ಆರ್ಟ್ ಪೇಪರ್’ ಎಂದರೆ ಲೇಪನವುಳ್ಳ ನುಣುಪಾದ ಕಾಗದ. ಯಂತ್ರಗಳ ಜಾಹೀರಾತಿನಲ್ಲಿ ‘ಸ್ಟೇಟ್ ಆಫ್ ದಿ ಆರ್ಟ್’ ಎಂದರೆ ಅತ್ಯಾಧುನಿಕ ತಂತ್ರಜ್ಞಾನ. ಪೇಟೆಂಟ್ ವ್ಯವಹಾರದ ‘ಪ್ರಯರ್ ಆರ್ಟ್’ ಎಂದರೆ ಅರ್ಜಿಗೆ ಮೊದಲೇ ಲೋಕಕ್ಕೆ ತಿಳಿದಿದ್ದ ವಿದ್ಯೆ.

ಇಳಕಲ್ಲಿನ ಸೀರೆ ಪೇಟೆಯಲ್ಲಿ ಈ ಪದದ ಅರ್ಥ ಇನ್ನೂ ಬೇರೆ. ಇಲ್ಲಿ ‘ಆರ್ಟ್ ಸಿಲ್ಕ್’ ಎಂದರೆ ಕಲಾತ್ಮಕ ರೇಷ್ಮೆಯಲ್ಲ. ‘ಆರ್ಟ್’ ಎಂಬುದು ‘ಆರ್ಟಿಫಿಶಿಯಲ್’ ಎಂಬುದರ ಮೊಟಕು ರೂಪ. ಮುಖ್ಯವಾಗಿ ಮರದ ತಿರುಳಿನಿಂದ ತಯಾರಾಗುವ ರೇಯಾನ್ ನೂಲು ಈ ಹೆಸರಿನಿಂದ ಮಾರಾಟವಾಗುತ್ತದೆ. ಸೀರೆ ವ್ಯಾಪಾರದಲ್ಲಿ ಇದಕ್ಕೆ ‘ಚಮಕಾ’ ಎಂಬ ಹೆಸರೂ ಉಂಟು. ಇಳಕಲ್ ಸೀರೆಯ ದಡಿ, ಸೆರಗುಗಳಿಗೆ ಅಪ್ಪಟ ರೇಷ್ಮೆಯಂತೆ ಚಮಕಾ ಕೂಡ ಬಳಕೆಯಲ್ಲಿದೆ. ಸೀರೆ ಸಾಮಾನ್ಯರ ಕೈಗೆಟಕುವಂತಾಗಲು ಇದು ನೆರವಾಗಿದೆ. ಆದ್ದರಿಂದ ಚಮಕಾ ಬಳಕೆ ದೋಷವಲ್ಲ. ಹೆಸರಿನ ಮರೆಮಾಚುವಿಕೆ ದೋಷ.

ದೂರದ ಊರಿನ ಗ್ರಾಹಕರು, ಅದರಲ್ಲಿಯೂ ಚಿತ್ರ ನೋಡಿಯೇ ಖರೀದಿಸುವವರು, ‘ಆರ್ಟ್’ ಎಂಬುದನ್ನು ಕಲೆಯೆಂದೂ ‘ಸಿಲ್ಕ್’ ಎಂಬುದನ್ನು ಅಪ್ಪಟ ರೇಷ್ಮೆಯೆಂದೂ ತಿಳಿಯುವುದು ಸಹಜ. ನಿಜ ತಿಳಿದ ದಿನ ಅವರ ಅಸಮಾಧಾನ ಅಂಗಡಿಗಷ್ಟೇ ನಿಲ್ಲದೆ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಳಕಲ್ಲಿನ ಹೆಸರಿಗೂ, ಮಗ್ಗದ ಮುಂದೆ ಕುಳಿತ ನೇಕಾರನಿಗೂ ತಟ್ಟುತ್ತದೆ.

ನೂಲಿನ ಒಂದೆಳೆಯನ್ನು ಸುಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ ಉಳಿಸುತ್ತದೆ. ರೇಯಾನ್ ಕಾಗದದಂತೆ ಸರ್ರನೆ ಉರಿಯುತ್ತದೆ. ಅಪ್ಪಟ ರೇಷ್ಮೆಯನ್ನು ಗುರುತಿಸಲು 2004ರಿಂದ ‘ಸಿಲ್ಕ್ ಮಾರ್ಕ್’ ಕೂಡ ಇದೆ.

ವಿಶೇಷವೆಂದರೆ, ‘ಆರ್ಟ್’ ಮತ್ತು ‘ಆರ್ಟಿಫಿಶಿಯಲ್’ ಎರಡರ ಮೂಲವೂ ಕೌಶಲ ಎಂಬರ್ಥದ ಒಂದೇ ಲ್ಯಾಟಿನ್ ಪದ. ಇಳಕಲ್ಲಿನ ಕೌಶಲ ನೂಲಿನ ಹೆಸರಿನಲ್ಲಿಲ್ಲ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆ ಎಳೆಯಾಗಿ ಬೆಸೆಯುವ ಕೊಂಡಿಯಲ್ಲಿದೆ, ‘ತೋಪು ತೆನಿ’ ಸೆರಗಿನಲ್ಲಿದೆ. ಅದು ಚಮಕಾದಲ್ಲಿಯೂ ಕಲೆಯೇ. ವರ್ತಕರು ಬಿಲ್ಲಿನಲ್ಲಿ ‘ಕೃತಕ ರೇಷ್ಮೆ’ ಎಂದು ಸ್ಪಷ್ಟವಾಗಿ ಬರೆದು, ಕೈಮಗ್ಗದ ಶ್ರಮಕ್ಕೆ ತಕ್ಕ ಬೆಲೆ ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.