ಕೊಳವೆಬಾವಿಯ ನೀರು, ಮಕ್ಕಳ ಹಲ್ಲು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಶಾಲೆ ಮಕ್ಕಳು ಬಾಯ್ತುಂಬ ನಕ್ಕಾಗ ಮುಂದಿನ ಹಲ್ಲುಗಳನ್ನು ಗಮನಿಸಬೇಕು. ಕೆಲವರ ಹಲ್ಲಿನ ಮೇಲೆ ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆಗಳು, ಕೆಲವರಿಗೆ ಅಡ್ಡಡ್ಡವಾಗಿ ಕಂದು ಪಟ್ಟೆಗಳು. ಎಡಗಡೆಯ ಹಲ್ಲಿನಲ್ಲಿ ಪಟ್ಟೆ ಎಲ್ಲಿದೆಯೋ ಬಲಗಡೆಯ ಜೋಡಿ ಹಲ್ಲಿನಲ್ಲೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ‘ಸರಿಯಾಗಿ ಹಲ್ಲುಜ್ಜಲ್ವೇನೋ’ ಎಂದು ಬೈಸಿಕೊಂಡು ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಕೊಳ್ಳುವ ಮಕ್ಕಳಿದ್ದಾರೆ. ತಿಕ್ಕಿದಷ್ಟೂ ಹಲ್ಲು ಸವೆಯುತ್ತದೆ, ಪಟ್ಟೆ ಹೋಗುವುದಿಲ್ಲ. ಅದು ಉಜ್ಜದೆ ಬಿಟ್ಟಿದ್ದಕ್ಕೆ ಕಟ್ಟಿದ ಕರೆಯಲ್ಲ. ಹಲ್ಲು ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿದ್ದಾಗಲೇ ಕುಡಿಯುವ ನೀರಿನ ಫ್ಲೋರೈಡ್ ಮಾಡಿದ ಹಾನಿ. ವೈದ್ಯರು ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ.

ಬೇಸಿಗೆ ಬಂತೆಂದರೆ ‘ನೀರು ಚೆನ್ನಾಗಿ ಕುಡೀರಿ’ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಮಾತು ಸರಿಯೇ. ಆದರೆ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಅದಕ್ಕೆ ಮೊದಲು ‘ಯಾವ ನೀರು?’ ಎಂದು ಕೇಳಬೇಕಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ ಮೈಗೆ ಸೇರುವುದು 6 ಮಿಲಿಗ್ರಾಂ. ಬಿಸಿಲಲ್ಲಿ ದುಡಿದು 4 ಲೀಟರ್ ಕುಡಿದರೆ 12. ಬಾಯಾರಿಕೆ ಹೆಚ್ಚಿದಷ್ಟೂ ಫ್ಲೋರೈಡಿನ ಹೊರೆ ಹೆಚ್ಚುತ್ತದೆ. ಬಿಸಿಲಿಗೆ ಒಡ್ಡಿಕೊಂಡವರೇ, ನೀರಿನ ಆಯ್ಕೆಯಿಲ್ಲದವರೇ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ.

ಫ್ಲೋರೈಡ್ ಬರುವುದು ಬಂಡೆಯಿಂದ. ನಮ್ಮ ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂಥ ಖನಿಜಗಳಿವೆ. ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಅವನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಹೆಚ್ಚಿದ್ದರೆ ನೀರಿನಲ್ಲೇ ಉಳಿಯುತ್ತದೆ. ಕೆರೆಯ ನೀರನ್ನೋ ಕೆರೆಯ ಕೆಳಗಿನ ತೆರೆದ ಬಾವಿಯ ನೀರನ್ನೋ ಕುಡಿಯುತ್ತಿದ್ದ ಕಾಲದಲ್ಲಿ ಮಳೆನೀರು ಬಂಡೆಯೊಡನೆ ಇಷ್ಟು ದೀರ್ಘ ಕಾಲ ಬೆರೆಯುತ್ತಿರಲಿಲ್ಲ. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ನಾವು ನೂರಾರು ಅಡಿ ಕೊರೆದಂತೆಲ್ಲ ಬಂಡೆಯ ನೀರೇ ಬಿಂದಿಗೆಗೆ ಬಂತು.

ಹಲ್ಲಿನ ಈ ಕಲೆಯ ಗುಟ್ಟು ಬಿಡಿಸಲು ಮೂರು ದಶಕ ಹಿಡಿಯಿತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಹೋದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡು ಅದರ ಬೆನ್ನುಹತ್ತಿದರು. ಕಾರಣ ಫ್ಲೋರೈಡ್ ಎಂಬುದು ರಸಾಯನ ವಿಜ್ಞಾನಿ ಚರ್ಚಿಲ್ ಅವರ ನೀರಿನ ವಿಶ್ಲೇಷಣೆಯಿಂದ 1931ರಲ್ಲಿ ಸ್ಪಷ್ಟವಾಯಿತು. ಭಾರತದಲ್ಲಿ 1930ರ ದಶಕದಲ್ಲಿ ನೆಲ್ಲೂರು ಭಾಗದಿಂದ ಮೊದಲ ವರದಿಗಳು ಬಂದವು. ಮೆಕೇ ಇನ್ನೊಂದನ್ನೂ ಗಮನಿಸಿದ್ದರು: ಕಲೆ ಬಿದ್ದ ಆ ಹಲ್ಲುಗಳಿಗೆ ಹುಳುಕು ಕಡಿಮೆ. ಟೂತ್‌ಪೇಸ್ಟಿಗೆ ಫ್ಲೋರೈಡ್ ಸೇರಿಸುವುದರ ಬೇರು ಇಲ್ಲಿದೆ. ಹಿತವೋ ಅಹಿತವೋ ಎಂಬುದನ್ನು ತೀರ್ಮಾನಿಸುವುದು ಪ್ರಮಾಣ ಮತ್ತು ವಯಸ್ಸು.

ವಯಸ್ಸಿನ ಮಾತು ಮುಖ್ಯ. ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುವುದು ಹುಟ್ಟಿದಾಗಿನಿಂದ ಸುಮಾರು 8 ವರ್ಷದೊಳಗೆ. ಆ ಅವಧಿಯಲ್ಲಿ ಕುಡಿದ ನೀರಿನ ಲೆಕ್ಕ ಹಲ್ಲು ಮೂಡಿದ ಮೇಲೆ ಕಾಣುತ್ತದೆ, ಆಗ ಸರಿಪಡಿಸಲು ಬರುವುದಿಲ್ಲ. ದೊಡ್ಡವರ ಹಲ್ಲಿಗೆ ಹೊಸ ಪಟ್ಟೆ ಬೀಳದಿದ್ದರೂ, ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು, ಬೆನ್ನು ಹಿಡಿದುಕೊಳ್ಳುತ್ತವೆ. ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು ಇದಕ್ಕಾಗಿಯೇ.

ಮನೆಗಳಲ್ಲಿ ಮಾಡುವ ಬಹುತೇಕ ಶುದ್ಧೀಕರಣದಿಂದ ಇಲ್ಲಿ ಪ್ರಯೋಜನವಿಲ್ಲ. ಬಟ್ಟೆಯಲ್ಲಿ ಸೋಸುವುದು, ಕ್ಲೋರಿನ್ ಹಾಕುವುದು, ಕ್ಯಾಂಡಲ್ ಫಿಲ್ಟರ್ ಇವು ಕೊಳೆಯನ್ನೋ ರೋಗಾಣುಗಳನ್ನೋ ನಿವಾರಿಸುತ್ತವೆ, ಫ್ಲೋರೈಡನ್ನು ಬಿಡಿಸುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ತಗ್ಗಿಸಬಲ್ಲವು ಆರ್‌ಒ, ಆಕ್ಟಿವೇಟೆಡ್ ಅಲ್ಯುಮಿನಾ, ಆಲಂ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ. ಚೆನ್ನಾಗಿ ಶೇಖರಿಸಿದ ಮಳೆನೀರಿನಲ್ಲಂತೂ ಫ್ಲೋರೈಡ್ ಬಹಳ ಕಡಿಮೆ.

ಶುದ್ಧ ನೀರಿನ ಘಟಕಗಳು ಹಳ್ಳಿಗಳಿಗೆ ಬಂದಿವೆ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆದರೆ ಕ್ಯಾನ್ ನೀರು ಕುಡಿಯಲು ಮಾತ್ರ, ಅನ್ನ, ಸಾರು, ಮುದ್ದೆಗೆ ನಲ್ಲಿಯ ಬೋರ್ ನೀರು ಎಂಬ ಪದ್ಧತಿ ಬಹಳ ಕಡೆ ಉಳಿದಿದೆ. ಅನ್ನ ಹೀರಿಕೊಂಡ ನೀರೆಲ್ಲ ಹೊಟ್ಟೆಗೇ ಹೋಗುತ್ತದೆ. ಅಡುಗೆಗೂ ಶುದ್ಧ ನೀರೇ ಬೇಕು. ಘಟಕ ಕೆಟ್ಟಾಗ, ಕರೆಂಟು ಕೈಕೊಟ್ಟಾಗ ಮತ್ತೆ ಬೋರಿನ ನೀರೇ ಗತಿ. ಹಾಗಾಗಿ ದುರಸ್ತಿಗೆ ಮೊದಲ ಆದ್ಯತೆ ಅಂಗನವಾಡಿ, ಶಾಲೆಗಳ ನೀರಿಗೆ ಸಿಗಬೇಕು.

ಊಟದಲ್ಲಿ ರಾಗಿ, ಹಾಲು, ಮೊಸರು ಇರಲಿ. ಅವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದಿಟ್ಟು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಚಹಾ ಎಲೆ ಫ್ಲೋರೈಡ್ ಶೇಖರಿಸಿಕೊಳ್ಳುವುದರಿಂದ ಚಿಕ್ಕ ಮಕ್ಕಳಿಗೆ ಟೀ ಬೇಡ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು, ಉಗುಳುವುದನ್ನು ಕಲಿಸಿ. ಇತ್ತ ಆರ್‌ಒ ನೀರು ಕುಡಿಯುವ ಪಟ್ಟಣದ ಮನೆಗಳಲ್ಲಿ ನೀರಿನಿಂದ ಫ್ಲೋರೈಡ್ ಹೆಚ್ಚು ಸಿಗದು. ಅಲ್ಲಿ ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು ಮುಖ್ಯ. ದಾಹಕ್ಕೆ ಸಿಹಿ ಪಾನೀಯದ ಬದಲು ನೀರೇ ಸಾಕು. ಬಾಯಿ ಒಣಗಿದರೆ ಹಲ್ಲನ್ನು ಕಾಯುವ ಜೊಲ್ಲೂ ಕಡಿಮೆಯಾಗುತ್ತದೆ.

ಇಷ್ಟೆಲ್ಲದಕ್ಕೆ ಮೊದಲು ನಮ್ಮ ನೀರಿನ ಲೆಕ್ಕ ನಮಗೆ ಗೊತ್ತಿರಬೇಕು. ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ನೀರಿಗೆ ರಾಸಾಯನಿಕದ ಹನಿ ಹಾಕಿದಾಗ ಬರುವ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ಪ್ರಮಾಣ ಅಂದಾಜಿಸುತ್ತಾರೆ. ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಸಂಶಯವಿದ್ದರೆ ಪ್ರಯೋಗಾಲಯಕ್ಕೆ ಕಳಿಸಬಹುದು. ಈ ಅಂಕಿ ಕಡತದಲ್ಲಿ ಉಳಿಯಬಾರದು. ಯಾವ ಬೋರಿನಲ್ಲಿ ಎಷ್ಟು ಫ್ಲೋರೈಡ್, ಯಾವ ದಿನ ಪರೀಕ್ಷೆ ಆಯಿತು ಎಂಬುದನ್ನು ಗ್ರಾಮ ಪಂಚಾಯಿತಿ ನಲ್ಲಿಗಳ ಪಕ್ಕದಲ್ಲೇ ಬರೆಸಬೇಕು. ಅದನ್ನು ಕೇಳಿ ಪಡೆಯುವುದು ತಾಯ್ತಂದೆಯರ ಹಕ್ಕು. ಎಂಟು ವರ್ಷ ತುಂಬುವ ಮೊದಲು ಮಗುವಿಗೆ ಒಳ್ಳೆಯ ನೀರು ಸಿಕ್ಕರೆ ಹಲ್ಲು ಉಳಿಯುತ್ತದೆ. ಆಮೇಲೆ ಸಿಕ್ಕರೆ ಆ ನಷ್ಟ ತುಂಬಿಕೊಡಲಾಗದು.