ಮಡ್ಡಿ ಹುಲ್ಲು ಬೀಳುಭೂಮಿಯಲ್ಲ

ಸೊಲ್ಲಾಪುರದಿಂದ ಬಾರ್ಶಿ ರಸ್ತೆ ಹಿಡಿದು ಹೊರಟರೆ ನಾನ್ನಜ ಎಂಬ ಊರು ಸಿಗುತ್ತದೆ. ಅಲ್ಲಿಯ ಮಡ್ಡಿಯನ್ನು ನೀವು ನೋಡಿರಬಹುದು. ಮರವಿಲ್ಲ, ನೆರಳಿಲ್ಲ, ಮಳೆ ಬಿದ್ದರೆ ಹುಲ್ಲು, ಬೇಸಿಗೆಗೆ ಬರೀ ಕಲ್ಲು. ಬೀಳುಬಿದ್ದ ಜಾಗವೆಂದು ನಾವು ಮುಂದೆ ಹೋಗಿಬಿಡುತ್ತೇವೆ. ಆದರೆ ಕೃಷ್ಣಮೃಗ, ತೋಳ, ಗುಳ್ಳೆನರಿಗಳಿಗೆ ಅದೇ ಮನೆ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ ಎಂದು ಕರೆಯುವ ದೊಡ್ಡ ಹಕ್ಕಿಗೂ ಅದೇ ನೆಲೆ.

ಈ ಹಕ್ಕಿ ಸುಮಾರು ಒಂದು ಮೀಟರ್ ಎತ್ತರ. ಗಂಡು ಹಕ್ಕಿ 15 ಕಿಲೋವರೆಗೂ ತೂಗುವುದುಂಟು. ಅದು ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದು ದನದ ಕಾಲಿಗೋ ನಾಯಿಯ ಬಾಯಿಗೋ ಸಿಕ್ಕರೆ ಮುಗಿಯಿತು.

1979ರಲ್ಲಿ ಸರಕಾರ ಸೊಲ್ಲಾಪುರ ಮತ್ತು ಆಗಿನ ಅಹಮದನಗರ ಜಿಲ್ಲೆಗಳ ಸುಮಾರು 8,496 ಚದರ ಕಿಲೋಮೀಟರನ್ನು ಅಭಯಾರಣ್ಯವೆಂದು ಸಾರಿತು. ಸರಕಾರಿ ಹುಲ್ಲುಗಾವಲು ಅಲ್ಲೊಂದು ತುಂಡು, ಇಲ್ಲೊಂದು ತುಂಡು. ನಡುವಿನ ಊರು, ರಸ್ತೆ, ರೈತರ ಹೊಲ ಎಲ್ಲವೂ ಗೆರೆಯೊಳಗೆ ಬಂದವು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಬ್ಬ ರೈತ ಕೌಂಟರಿಗೆ ಬಂದು, "ಸಾಹೇಬ್ರ, ಹೊಲ ನಂದೋ, ಹಕ್ಕೀದೋ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ 2012ರಲ್ಲಿ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಯೂ ಅಪರೂಪವಾಗಿತ್ತು. ಇಂದು ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 150. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ.

ಹಾಗಾದರೆ ಇಂಥ ನೆಲವನ್ನು ಕಾಯುವುದು ಹೇಗೆ? ಮೊದಲನೆಯದು, ಹುಲ್ಲುಗಾವಲಿನಲ್ಲಿ ಗಿಡ ನೆಡಬಾರದು. ಕೇಳಲು ವಿಚಿತ್ರವೆನಿಸಬಹುದು. ಆದರೆ ಬಯಲಿನ ಹಕ್ಕಿಗೆ ದೂರದ ತನಕ ಕಣ್ಣು ಹಾಯಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ತೋಪು ಬೆಳೆಯಿತು, ಎರೆಭೂತ ಮರೆಯಾಯಿತು. ಎರಡನೆಯದು, ಮಳೆಗಾಲ ಅದು ಮೊಟ್ಟೆಯಿಡುವ ಕಾಲ. ಆಗ ದನಕುರಿಗಳನ್ನು ದೂರವಿಡಬೇಕು. ಬೀಜ ಉದುರಿದ ಮೇಲೆ ಹುಲ್ಲು ಕೊಯ್ದು ಊರಿನವರಿಗೆ ಕೊಟ್ಟರೆ ದನಕ್ಕೂ ಮೇವಾಯಿತು, ಮಡ್ಡಿಯೂ ಉಳಿಯಿತು. ಮೂರನೆಯದು ವಿದ್ಯುತ್ ತಂತಿ. ಈ ಹಕ್ಕಿಗೆ ನೇರ ಎದುರಿನದು ಚೆನ್ನಾಗಿ ಕಾಣದು, ಭಾರವಾದ ಮೈ ತಟ್ಟನೆ ಹೊರಳದು. ತಂತಿಗೆ ಬಡಿದು ಸಾಯುತ್ತದೆ.

ಇನ್ನು ನೋಡಲು ಬರುವವರು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ತಪ್ಪಿಲ್ಲ. ಸರಕಾರಿ ನೆಲವೆಂದರೆ ನಮ್ಮೆಲ್ಲರದೂ ಹೌದು. ಆದರೆ ದಾರಿ ಬಿಟ್ಟು ಗಾಡಿ ಓಡಿಸಬೇಡಿ, ನಾಯಿ ಒಯ್ಯಬೇಡಿ, ಫೋಟೋ ಆಸೆಗೆ ಹಕ್ಕಿಯನ್ನು ಬೆನ್ನಟ್ಟಬೇಡಿ. ಎರೆಭೂತ ಕಾಣದಿದ್ದರೂ ಕೃಷ್ಣಮೃಗ ಕಂಡೀತು.

ಬ್ಯಾಂಕಿನವನಾದ್ದರಿಂದ ಒಂದು ಮಾತು ಹೇಳುತ್ತೇನೆ. ಮಡ್ಡಿ ನಮ್ಮ ಹಿರಿಯರು ಇಟ್ಟುಹೋದ ಠೇವಣಿ. ಅಸಲನ್ನೇ ತಿಂದರೆ ಬಡ್ಡಿ ಎಲ್ಲಿಂದ ಬಂದೀತು? ನಿಮ್ಮೂರ ಗಾಯರಾಣದಲ್ಲಿ ಗಿಡ ನೆಡುವ ಮಾತು ಬಂದಾಗ, ಗ್ರಾಮಸಭೆಯಲ್ಲಿ ಎದ್ದು ನಿಂತು, ಅಲ್ಲಿ ಯಾವ ಜೀವ ಮೊದಲೇ ಬಾಳುತ್ತಿದೆ ಎಂದು ಕೇಳಿ.