ಮುಚ್ಚಿದ ಕಿಂಡಿಗಳು: ‘ದಿ ಆಂಬರ್ ಸ್ಪೈಗ್ಲಾಸ್’ ಕಾದಂಬರಿಯ ಮುಕ್ತಾಯ

ಒಂದು ಲೋಕದಿಂದ ಮತ್ತೊಂದು ಲೋಕಕ್ಕೆ ಬಾಗಿಲಿನ ಮೂಲಕ ದಾಟಿಹೋಗುವ ಕಥನವನ್ನು ಇಂಗ್ಲಿಷ್ ವಿಮರ್ಶೆ ‘ಪೋರ್ಟಲ್ ಫ್ಯಾಂಟಸಿ’ ಎಂದು ಕರೆಯುತ್ತದೆ. ಫರಾ ಮೆಂಡಲ್‌ಸನ್ ‘ರೆಟರಿಕ್ಸ್ ಆಫ್ ಫ್ಯಾಂಟಸಿ’ (2008) ಗ್ರಂಥದಲ್ಲಿ ಗುರುತಿಸಿದಂತೆ, ಈ ಬಗೆಯ ಕಥೆಯಲ್ಲಿ ನಾಯಕನೂ ಓದುಗನೂ ಹೊಸ ಲೋಕವನ್ನು ಜೊತೆಜೊತೆಯಾಗಿ ಅರಿಯುತ್ತಾರೆ. ಆ ಅರಿವನ್ನು ಕಟ್ಟಿಕೊಡುವುದು ಮೊದಲ ಸಂಪುಟಗಳ ಕೆಲಸ. ಕೊನೆಯ ಸಂಪುಟಕ್ಕೆ ಉಳಿಯುವ ಪ್ರಶ್ನೆ ಬೇರೆ: ತೆರೆದ ಬಾಗಿಲು ಕೊನೆಗೆ ಏನಾಗಬೇಕು? ಫಿಲಿಪ್ ಪುಲ್ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ತ್ರಿವಳಿಯ ಅಂತಿಮ ಕಾದಂಬರಿ ಈ ಪ್ರಶ್ನೆಗೆ ಕೊಡುವ ಉತ್ತರ ಕಠಿಣವಾದುದು. ಆ ಕಾಠಿಣ್ಯದ ಹಿಂದೆ ಸ್ಪಷ್ಟವಾದ ತರ್ಕವಿದೆ.

‘ನಾರ್ದರ್ನ್ ಲೈಟ್ಸ್’ (1995), ‘ದಿ ಸಟಲ್ ನೈಫ್’ (1997), ‘ದಿ ಆಂಬರ್ ಸ್ಪೈಗ್ಲಾಸ್’ (2000) – ಇವು ತ್ರಿವಳಿಯ ಮೂರು ಭಾಗಗಳು. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಿಂದ ತ್ರಿವಳಿ ತನ್ನ ಹೆಸರನ್ನು ಪಡೆದಿದೆ. ಮೂರನೆಯ ಭಾಗವು 2001ರ ವಿಟ್‌ಬ್ರೆಡ್ ‘ವರ್ಷದ ಪುಸ್ತಕ’ ಪ್ರಶಸ್ತಿಯನ್ನು ಗಳಿಸಿತು. ಮಕ್ಕಳಿಗಾಗಿ ಪ್ರಕಟವಾದ ಕೃತಿಯೊಂದಕ್ಕೆ ಈ ಮನ್ನಣೆ ದೊರೆತದ್ದು ಅದೇ ಮೊದಲು. ಕಥೆಯ ಕೇಂದ್ರದಲ್ಲಿರುವವರು ಬೇರೆಬೇರೆ ಲೋಕಗಳಿಗೆ ಸೇರಿದ ಲೈರಾ ಮತ್ತು ವಿಲ್ ಎಂಬ ಇಬ್ಬರು ಮಕ್ಕಳು. ಲೋಕಗಳ ನಡುವಣ ತೆರೆಯನ್ನು ಸೀಳಿ ಕಿಂಡಿ ತೆಗೆಯಬಲ್ಲ ಸೂಕ್ಷ್ಮ ಚೂರಿ ವಿಲ್‌ನ ಕೈಯಲ್ಲಿದೆ. ಚಿಟ್ಟಗಾಜ್ ಎಂಬ ನಗರದ ಪಂಡಿತರ ಸಂಘವೊಂದು ಮುನ್ನೂರು ವರ್ಷಗಳ ಹಿಂದೆ ಅದನ್ನು ಮಾಡಿತ್ತು.

ಈ ಮುನ್ನೂರು ವರ್ಷಗಳ ಲೆಕ್ಕ ಮುಖ್ಯವಾದುದು. ಅಂತಿಮ ಸಂಪುಟದಲ್ಲಿ ಮೇರಿ ಮ್ಯಾಲೋನ್ ಎಂಬ ಭೌತವಿಜ್ಞಾನಿ, ಮುಲೆಫಾ ಎಂಬ ಜೀವಿಗಳ ಲೋಕವನ್ನು ತಲುಪುತ್ತಾಳೆ. ದೈತ್ಯ ಮರಗಳ ದುಂಡನೆಯ ಬೀಜಕೋಶಗಳನ್ನು ಚಕ್ರಗಳಂತೆ ಬಳಸಿ ಚಲಿಸುವ ಈ ಜೀವಿಗಳ ಬದುಕು ಆ ಮರಗಳನ್ನೇ ಅವಲಂಬಿಸಿದೆ. ಮರಗಳು ಸಾಯುತ್ತಿವೆ, ಕ್ಷಯ ಆರಂಭವಾದದ್ದು ಮುನ್ನೂರು ವರ್ಷಗಳ ಹಿಂದೆ. ಮರದ ರಸದಿಂದ ಅರಗಿನಂಥ ಫಲಕಗಳನ್ನು ತಯಾರಿಸಿ, ಅವಕ್ಕೆ ಬೀಜಕೋಶದ ಎಣ್ಣೆ ಸವರಿ, ಎರಡನ್ನು ತಕ್ಕ ಅಂತರದಲ್ಲಿ ಹಿಡಿದು ನೋಡಿದಾಗ ಮೇರಿಗೆ ಕಾರಣ ಕಾಣುತ್ತದೆ. ಕಾದಂಬರಿಯ ಹೆಸರಿನಲ್ಲಿರುವ ದೂರದರ್ಶಕ ಇದೇ. ಹೂವುಗಳ ಮೇಲೆ ಇಳಿಯಬೇಕಾದ ‘ಧೂಳು’ ಪಕ್ಕಕ್ಕೆ ಹರಿದು ಲೋಕದಿಂದಲೇ ಸೋರಿಹೋಗುತ್ತಿದೆ.

‘ಧೂಳು’ ಎಂದರೆ ಪ್ರಜ್ಞೆಯುಳ್ಳ ಜೀವಿಗಳತ್ತ ಆಕರ್ಷಿತವಾಗುವ ಕಣ. ವಸ್ತು ತನ್ನನ್ನು ತಾನು ಅರಿಯತೊಡಗಿದಾಗ ಉಂಟಾಗುವುದು. ಲೈರಾಳ ಲೋಕದಲ್ಲಿ ಅದು ಧೂಳು. ಮೇರಿಯ ಪ್ರಯೋಗಾಲಯದಲ್ಲಿ ನೆರಳು. ಮುಲೆಫಾ ನುಡಿಯಲ್ಲಿ ಸ್ರಾಫ್. ಸೊಂಡಿಲಿನ ಚಲನೆಯೂ ಅರ್ಥದ ಭಾಗವಾಗಿರುವ ಆ ನುಡಿಯನ್ನು ಮೇರಿ ತಾಳ್ಮೆಯಿಂದ ಕಲಿಯುತ್ತಾಳೆ. ರೂಪಕ ಎಂಬ ಪರಿಕಲ್ಪನೆಗೂ ಅದರಲ್ಲಿ ಪದವಿದೆಯೆಂದು ಕಂಡುಕೊಳ್ಳುತ್ತಾಳೆ. ಮೂರು ಹೆಸರುಗಳೂ ಒಂದೇ ವಸ್ತುವನ್ನು ಸೂಚಿಸುತ್ತವೆಂಬ ಅರಿವು ನುಡಿ ಕಲಿತ ಮೇಲೆ ಬಂದದ್ದು. ದೂರದರ್ಶಕ ರೂಪುಗೊಂಡದ್ದೂ ಆ ಅರಿವಿನಿಂದಲೇ.

ಕನ್ನಡದಲ್ಲಿ ಈ ಕೃತಿಯನ್ನು ವಿವರಿಸಹೊರಟವರಿಗೂ ಹೆಸರಿನ ತೊಡಕು ತಪ್ಪದು. ಲೈರಾಳ ಲೋಕದಲ್ಲಿ ಪ್ರತಿಯೊಬ್ಬರ ಅಂತರಂಗವೂ ಪ್ರಾಣಿರೂಪದಲ್ಲಿ ಹೊರಗೆ ಕಾಣುವ ‘ಡೀಮನ್’ ಆಗಿರುತ್ತದೆ. ‘ದೆವ್ವ’ ಎಂದರೆ ಇಲ್ಲದ ಭಯ ಸೇರಿಕೊಳ್ಳುತ್ತದೆ. ‘ದೈವ’ ಎಂದರೆ ಕಾಸರಗೋಡಿನ ಓದುಗರಿಗೆ ಕೋಲ ಕಟ್ಟಿ ಆರಾಧಿಸುವ ಶಕ್ತಿ ನೆನಪಾಗುತ್ತದೆ. ‘ಆತ್ಮ’ಕ್ಕೆ ಕಣ್ಣಿಗೆ ಕಾಣುವ ರೂಪವಿಲ್ಲ. ಹಾಗೆಯೇ ‘ಧೂಳು’ ಎಂಬಲ್ಲಿ ಇಂಗ್ಲಿಷ್ ಪದಕ್ಕಿರುವ ಬೈಬಲ್ಲಿನ ಅನುರಣನ ಮಸುಕಾಗುತ್ತದೆ. ಮನುಷ್ಯ ಎಲ್ಲಿಂದ ಬಂದು ಎಲ್ಲಿಗೆ ಸೇರುತ್ತಾನೆಂದು ಹೇಳಲು ಕನ್ನಡ ಬಳಸುವ ಪದ ‘ಮಣ್ಣು’.

ಧೂಳಿನ ಸೋರಿಕೆಗೆ ಕಾರಣ ಚೂರಿ ತೆರೆದ ಕಿಂಡಿಗಳು. ಪ್ರತಿ ಬಾರಿ ಕಿಂಡಿ ತೆರೆದಾಗಲೂ, ವಯಸ್ಕರ ಪ್ರಜ್ಞೆಯನ್ನು ತಿಂದು ಬದುಕುವ ‘ಸ್ಪೆಕ್ಟರ್’ ಒಂದು ಹುಟ್ಟುತ್ತದೆ. ಆದ್ದರಿಂದ ಹೊಸ ಕಿಂಡಿ ತೆರೆಯಲಾಗದು, ಹಳೆಯವನ್ನು ಮುಚ್ಚಲೇಬೇಕು. ಈ ವೇಳೆಗೆ ಲೈರಾ ಮತ್ತು ವಿಲ್ ಪರಸ್ಪರ ಪ್ರೀತಿಸತೊಡಗಿದ್ದಾರೆ. ಒಬ್ಬರು ಮತ್ತೊಬ್ಬರ ಲೋಕದಲ್ಲಿ ನೆಲೆಸಬಹುದಲ್ಲ ಎಂದರೆ ಅದಕ್ಕೂ ತಡೆಯಿದೆ: ಡೀಮನ್ ತಾನು ಹುಟ್ಟಿದ ಲೋಕದಲ್ಲಿ ಮಾತ್ರ ಪೂರ್ಣಾಯುಷ್ಯ ಬಾಳಬಲ್ಲದು. ಪರಲೋಕದಲ್ಲಿ ಹತ್ತು–ಹನ್ನೆರಡು ವರ್ಷ ಕಳೆದ ವಿಲ್‌ನ ತಂದೆ ರೋಗಗ್ರಸ್ತನಾಗಿದ್ದುದು ಇದೇ ಕಾರಣದಿಂದ.

ಇನ್ನೊಂದು ಆಸೆ ಉಳಿಯುತ್ತದೆ. ಜನರು ಕಲಿಯುತ್ತ, ಯೋಚಿಸುತ್ತ, ಕರುಣೆಯಿಂದ ಬಾಳಿದರೆ ಧೂಳು ಮತ್ತೆ ಹುಟ್ಟುತ್ತದೆ. ಅದರ ಬಲದಿಂದ ಒಂದೇ ಒಂದು ಕಿಂಡಿಯನ್ನು ತೆರೆದಿಡಬಹುದು. ಆದರೆ ಆ ಕಿಂಡಿ ಆಗಲೇ ಬೇರೆಯವರಿಗೆ ಸಂದಿದೆ. ಮೃತರ ಲೋಕದಲ್ಲಿ ಬಂದಿಗಳಾಗಿದ್ದ ಪ್ರೇತಗಳಿಗೆ ಹೊರಬರುವ ದಾರಿಯನ್ನು ಇವರಿಬ್ಬರೇ ತೆರೆದುಕೊಟ್ಟಿದ್ದರು. ಅಲ್ಲಿನ ಹಾರ್ಪಿಗಳೊಡನೆ ಆದ ಒಪ್ಪಂದದಂತೆ, ತನ್ನ ಬದುಕಿನ ಸತ್ಯಕಥೆಯನ್ನು ಹೇಳಬಲ್ಲ ಪ್ರೇತಕ್ಕೆ ದಾರಿ ತೋರಿಸಲಾಗುತ್ತದೆ. ಹೊರಬಂದ ಪ್ರೇತ ಗಾಳಿಯಲ್ಲಿ, ಹುಲ್ಲಿನಲ್ಲಿ ಕರಗಿ ಲೋಕದೊಡನೆ ಒಂದಾಗುತ್ತದೆ. ತಮ್ಮ ಸುಖಕ್ಕಾಗಿ ಇಬ್ಬರು ಅದನ್ನು ಕಸಿದುಕೊಳ್ಳುವಂತಿಲ್ಲ.

ಈ ನಿಯಮಗಳನ್ನು ಕಥೆಯ ಕೊನೆಗೆ ದೇವದೂತೆಯೊಬ್ಬಳ ಬಾಯಿಂದ ಹೇಳಿಸಿರುವುದು ಕೃತಕವೆಂದು ಆಕ್ಷೇಪಿಸಬಹುದು. ಘೋಷಣೆ ತಡವಾಗಿ ಬಂದಿರುವುದು ನಿಜ. ಆದರೆ ಪುರಾವೆಗಳು ಮೊದಲೇ ಇವೆ. ತಂದೆಯ ಕಾಯಿಲೆ, ಚಿಟ್ಟಗಾಜ್‌ನ ಸ್ಪೆಕ್ಟರ್‌ಗಳು ಎರಡನೆಯ ಸಂಪುಟದಲ್ಲೇ ಬಂದವು. ಓದುಗ ಕಂಡದ್ದನ್ನೇ ಅಂತ್ಯವು ಕೂಡಿಸಿ ಲೆಕ್ಕ ಒಪ್ಪಿಸುತ್ತದೆ.

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಕೊನೆಯ ಕೃತಿ ‘ದಿ ಲಾಸ್ಟ್ ಬ್ಯಾಟಲ್’ (1956) ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದುಕಾಣುತ್ತದೆ. ಅಲ್ಲಿ ಮಕ್ಕಳು ರೈಲು ಅಪಘಾತದಲ್ಲಿ ತೀರಿಕೊಂಡು, ನಾರ್ನಿಯಾದ ನಿಜರೂಪವಾದ ನಿತ್ಯಲೋಕವನ್ನು ಸೇರುತ್ತಾರೆ. ಬಾಗಿಲಿನಾಚೆಯದೇ ನಿಜವಾದ ಮನೆ. ಪುಲ್ಮನ್ ಈ ಅಂತ್ಯವನ್ನು ಬಹಿರಂಗವಾಗಿ ಟೀಕಿಸಿದವರು. ಅವರ ಮಕ್ಕಳು ಹಿಂದಿರುಗಿ, ತಾವಿದ್ದಲ್ಲಿಯೇ ‘ಸ್ವರ್ಗದ ಗಣರಾಜ್ಯ’ವನ್ನು ಕಟ್ಟಬೇಕು.

ಹಿಂದಿರುಗುವಾಗ ಲೈರಾ ಇನ್ನೊಂದನ್ನೂ ಕಳೆದುಕೊಂಡಿರುತ್ತಾಳೆ. ಸತ್ಯವನ್ನು ಸಂಕೇತಗಳಲ್ಲಿ ಹೇಳುವ ಅಲೀಥಿಯೊಮೀಟರನ್ನು ಓದುವ ಶಕ್ತಿ ಅವಳಿಗೆ ಸಹಜವಾಗಿ ಒಲಿದಿತ್ತು, ಈಗ ಅದಿಲ್ಲ. ಅದನ್ನು ಗ್ರಂಥಗಳ ನೆರವಿನಿಂದ, ಜೀವಮಾನವಿಡೀ ಅಭ್ಯಾಸ ಮಾಡಿ ಮರಳಿ ಪಡೆಯಬೇಕು. ಹಾಗೆ ಪಡೆದ ಓದು ಮೊದಲಿನದಕ್ಕಿಂತ ಆಳವಾಗಿರುತ್ತದೆಂಬ ಭರವಸೆಯನ್ನು ಕಾದಂಬರಿ ಕೊಡುತ್ತದೆ. ಬಾಲ್ಯದಲ್ಲಿ ಕೇಳಿಯೇ ಬಂದ ನುಡಿಯೊಂದನ್ನು ಶಾಲೆ ಬಿಡಿಸಿದ ಮೇಲೆ, ದೊಡ್ಡವರಾಗಿ ಅಕ್ಷರದಿಂದ ಮತ್ತೆ ಕಲಿತವರಿಗೆ ಈ ನಷ್ಟದ ಬಗೆಯೂ ಗಳಿಕೆಯ ಬಗೆಯೂ ಅಪರಿಚಿತವಲ್ಲ. ಅವರ ಗಡಿ ಮಾತ್ರ ಬೇರೆ: ಪುಲ್ಮನ್ನರ ಮಕ್ಕಳು ಗಡಿಯನ್ನು ದಾಟಿ ಹೋದವರು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯೇ ಜನರನ್ನು ದಾಟಿ ಹೋಯಿತು. ಎರಡು ಲೋಕಗಳಲ್ಲಿ ಬಾಳಲಾಗದೆಂಬುದು ಡೀಮನ್‌ಗಳಿಗಿರುವ ನಿಯಮ, ನುಡಿಗಳಿಗಲ್ಲ.

ಆಕ್ಸ್‌ಫರ್ಡ್ ಎರಡೂ ಲೋಕಗಳಲ್ಲಿದೆ. ಅಲ್ಲಿನ ಸಸ್ಯೋದ್ಯಾನವೂ, ಅದರೊಳಗಿನ ಒಂದು ಬೆಂಚೂ ಎರಡರಲ್ಲೂ ಇವೆ. ಪ್ರತಿವರ್ಷ ನಡುಬೇಸಿಗೆಯ ದಿನದ ನಡುಹಗಲಲ್ಲಿ ಒಂದು ಗಂಟೆಯ ಕಾಲ, ತಂತಮ್ಮ ಲೋಕದ ಆ ಬೆಂಚಿನ ಮೇಲೆ ಕುಳಿತಿರುವುದಾಗಿ ಇಬ್ಬರೂ ಮಾತು ಕೊಟ್ಟುಕೊಳ್ಳುತ್ತಾರೆ. ಆಮೇಲೆ ವಿಲ್ ಚೂರಿಯನ್ನು ಮುರಿಯುತ್ತಾನೆ.